ಹಾರುವ ತಟ್ಟೆಗೊಂದು ಸರ್ಕಾರಿ ಫೈಲು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೇರೆ ಗ್ರಹದವರು ಇದ್ದಾರೋ ಇಲ್ಲವೋ ಅನ್ನುವುದು ಇವತ್ತಿನ ವಿಷಯ ಅಲ್ಲ. ಅದನ್ನೇ ಕೇಳಲು ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು. ನನ್ನ ಕುತೂಹಲ ಬೇರೆ. ಆಕಾಶದಲ್ಲಿ ಏನೋ ಕಂಡಿತು ಅಂತ ಒಬ್ಬ ರೈತನೋ, ಪೊಲೀಸನೋ, ಹಾಸ್ಟೆಲ್ ಹುಡುಗಿಯೋ ಫೋನ್ ಮಾಡುತ್ತಾರೆ. ಆ ಮಾತು ಕೊನೆಗೆ ಮಿಲಿಟರಿಯ ಟೇಬಲ್ ಮೇಲೆ ಒಂದು ಫೈಲಾಗಿ ಕೂರುತ್ತದೆ. ಆ ಫೈಲಿಗೆ ಮುಂದೇನಾಗುತ್ತದೆ?

ಈ ಕೆಲಸವನ್ನು ಭಾರಿ ಪ್ರಮಾಣದಲ್ಲಿ ಮಾಡಿದ್ದು ಅಮೆರಿಕದ ವಾಯುಪಡೆ. 1947ರಿಂದ 1969ರವರೆಗೆ ಒಟ್ಟು 12,618 ವರದಿಗಳು ಬಂದವು. ಅದರಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ. ಈ 701 ನಿಮಗೆ ಎಲ್ಲ ಕಡೆ ಸಿಗುತ್ತದೆ. ನಂಬುವವರು "ನೋಡಿ, 701 ಇದೆಯಲ್ಲ" ಅಂತಾರೆ. ನಂಬದವರು "ಬರೀ 701 ತಾನೇ" ಅಂತಾರೆ. ಆ ಲೆಕ್ಕ ಹೇಗೆ ಬಂತು ಅಂತ ಕೇಳುವವರು ಕಡಿಮೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಶುರುವಾಗಿದ್ದು 1947ರ ಜೂನ್ 24ರಂದು. ಕೆನೆತ್ ಆರ್ನಾಲ್ಡ್ ಅಂತ ಒಬ್ಬರು. ಐಡಾಹೋ ರಾಜ್ಯದ ಬಾಯ್ಸಿ ಊರಿನವರು. ಬೆಂಕಿ ಆರಿಸುವ ಸಲಕರಣೆ ಮಾರುವ ವ್ಯಾಪಾರ, ಓಡಾಡಲು ಸ್ವಂತದ್ದೊಂದು ಪುಟ್ಟ ವಿಮಾನ. ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಪಕ್ಕ ಸೇನೆಯ ಸಾಗಣೆ ವಿಮಾನವೊಂದು ಬಿದ್ದಿತ್ತು. ಹುಡುಕಿಕೊಟ್ಟವರಿಗೆ 5,000 ಡಾಲರ್ ಬಹುಮಾನ ಇತ್ತು. ದಾರಿಯಲ್ಲೇ ಇದೆಯಲ್ಲ, ಒಂದು ಸುತ್ತು ನೋಡೋಣ ಅಂತ ಹೋದವರಿಗೆ ಕಂಡಿದ್ದು ಸಾಲಾಗಿ ಹಾರುವ ಒಂಬತ್ತು ಹೊಳೆಯುವ ವಸ್ತುಗಳು. ಆರ್ನಾಲ್ಡ್ ಗಾಬರಿಯಾಗಿ ಕೂರಲಿಲ್ಲ. ಗಡಿಯಾರ ನೋಡಿದರು. ರೇನಿಯರ್ ಬೆಟ್ಟದಿಂದ ಆಡಮ್ಸ್ ಬೆಟ್ಟಕ್ಕೆ 1 ನಿಮಿಷ 42 ಸೆಕೆಂಡ್. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 1,700 ಮೈಲಿ ಬಂತು. ಅಷ್ಟು ಇರಲಾರದು ಅಂತ ಅವರೇ 1,200ಕ್ಕೆ ಇಳಿಸಿದರು. ಶಬ್ದದ ವೇಗವನ್ನು ದಾಟಿದ ವಿಮಾನ ಆಗ ಒಂದೂ ಇರಲಿಲ್ಲ. ಅದು ಆಗಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಈಗ ನೀವು ಆ ಕಾಲದ ವಾಯುಪಡೆಯ ಅಧಿಕಾರಿ ಅಂದುಕೊಳ್ಳಿ. ಯುದ್ಧ ಮುಗಿದು ಎರಡು ವರ್ಷ ಆಗಿದೆ. ಜರ್ಮನಿಯ ರಾಕೆಟ್ ಎಂಜಿನಿಯರುಗಳಲ್ಲಿ ಒಂದಿಷ್ಟು ಜನ ನಿಮ್ಮ ಹತ್ತಿರ ಇದ್ದರೆ ಇನ್ನೊಂದಿಷ್ಟು ಜನ ರಷ್ಯಾದವರ ಹತ್ತಿರ. ನಿಮ್ಮ ತಲೆಗೆ ಮೊದಲು ಬರುವುದು ಮಂಗಳ ಗ್ರಹ ಅಲ್ಲ, ಮಾಸ್ಕೋ. ಅದೇ ಸೆಪ್ಟೆಂಬರ್‌ನಲ್ಲಿ ಜನರಲ್ ನೇಥನ್ ಟ್ವೈನಿಂಗ್ ಮೇಲಿನವರಿಗೆ ಪತ್ರ ಬರೆದರು. ಜನ ಹೇಳುತ್ತಿರುವುದು ಬರೀ ಭ್ರಮೆಯಲ್ಲ, ಕಟ್ಟುಕಥೆಯೂ ಅಲ್ಲ, ಏನೋ ನಿಜವಾದದ್ದು ಇದೆ ಅನ್ನುವುದು ಅದರ ಸಾರ. 1948ರ ಜನವರಿಯಲ್ಲಿ 'ಪ್ರಾಜೆಕ್ಟ್ ಸೈನ್' ಅನ್ನುವ ತನಿಖೆ ಶುರುವಾಯಿತು.

ಅದನ್ನು ಎಲ್ಲಿ ಇಟ್ಟರು ಅನ್ನುವುದನ್ನು ಗಮನಿಸಿ. ಓಹಾಯೋ ರಾಜ್ಯದ ಡೇಟನ್‌ನಲ್ಲಿರುವ ರೈಟ್-ಪ್ಯಾಟರ್ಸನ್ ವಾಯುನೆಲೆ. ಶತ್ರುವಿನ ವಿಮಾನ ಕೈಗೆ ಸಿಕ್ಕರೆ ಬಿಚ್ಚಿ ನೋಡುವ ವಿಭಾಗ ಅಲ್ಲಿತ್ತು. ಬಾನಿನಲ್ಲಿ ಬೆಳಕು ಕಂಡಿತು ಅನ್ನುವ ಸಾಮಾನ್ಯ ಮನುಷ್ಯನ ಮಾತು ಹೋಗಿ ಬಿದ್ದಿದ್ದು ಇವರ ಟೇಬಲ್ ಮೇಲೆ. ನೋಡಿದವನಿಗೆ ಬೇಕಾಗಿದ್ದು "ನಾನು ನೋಡಿದ್ದು ಏನು?" ಅನ್ನುವುದಕ್ಕೆ ಉತ್ತರ. ಇವರು ಕೇಳಿಕೊಂಡಿದ್ದು "ಇದರಿಂದ ನಮಗೆ ಅಪಾಯ ಇದೆಯಾ?" ಅಂತ. ರಾತ್ರಿ ನಾಯಿ ಬೊಗಳಿದರೆ ನಾವು ಎದ್ದು ನೋಡುತ್ತೇವೆ. ಕಳ್ಳ ಅಲ್ಲ ಅಂತ ಖಾತ್ರಿಯಾದರೆ ಸಾಕು, ಹೋಗಿ ಮಲಗುತ್ತೇವೆ. ಬಂದಿದ್ದು ಬೆಕ್ಕೋ ಹೆಗ್ಗಣವೋ ಅಂತ ಟಾರ್ಚ್ ಹಿಡಿದು ಹುಡುಕುವವರು ಯಾರು? ಈ ಎರಡು ಪ್ರಶ್ನೆಗಳ ನಡುವಿನ ಅಂತರ ಮುಂದಿನ ಇಪ್ಪತ್ತು ವರ್ಷ ಮುಚ್ಚಲೇ ಇಲ್ಲ.

ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೇ ಒಂದು ಸಾವಾಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1948ರ ಜನವರಿ 7, ಮಧ್ಯಾಹ್ನ. ಕೆಂಟಕಿ ರಾಜ್ಯದಲ್ಲಿ ಊರೂರಿನ ಜನ ಹೆದ್ದಾರಿ ಪೊಲೀಸರಿಗೆ ಫೋನ್ ಮಾಡಲು ಶುರು ಮಾಡಿದರು. ಆಕಾಶದಲ್ಲಿ ದೊಡ್ಡದಾಗಿ, ಗುಂಡಗೆ, ಬೆಳ್ಳಗೆ ಏನೋ ನಿಂತಿದೆ ಅಂತ. ಪೊಲೀಸರು ಫೋರ್ಟ್ ನಾಕ್ಸ್ ಸೇನಾ ನೆಲೆಗೆ ತಿಳಿಸಿದರು. ಅಲ್ಲಿಂದ ಸುದ್ದಿ ಗಾಡ್‌ಮನ್ ವಾಯುನೆಲೆಯ ಕಂಟ್ರೋಲ್ ಟವರಿಗೆ ಬಂತು. ಟವರಿನವರಿಗೂ ಅದು ಕಂಡಿತು. ನೆಲೆಯ ಕಮಾಂಡರ್ ಬೈನಾಕ್ಯುಲರ್ ಹಿಡಿದು ನೋಡಿದರು. ಏನು ಅಂತ ಹೇಳಲು ಒಬ್ಬರಿಗೂ ಆಗಲಿಲ್ಲ. ಅಷ್ಟರಲ್ಲಿ ನಾಲ್ಕು ಮಸ್ಟಾಂಗ್ ಯುದ್ಧವಿಮಾನಗಳು ಆ ದಾರಿಯಾಗಿ ಬಂದವು. ಮುಂದಿದ್ದವರು ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್, ವಯಸ್ಸು 25. ಸ್ವಲ್ಪ ಹತ್ತಿರ ಹೋಗಿ ನೋಡಿ ಬರ್ತೀರಾ ಅಂತ ಟವರಿನವರು ಕೇಳಿದರು. ಒಂದು ವಿಮಾನ ತನ್ನ ದಾರಿ ಹಿಡಿಯಿತು, ಮೂರು ಮೇಲೇರಿದವು. ಆ ಎತ್ತರಕ್ಕೆ ಆಮ್ಲಜನಕ ಬೇಕು. ಮ್ಯಾಂಟೆಲ್ ಹತ್ತಿರ ಇರಲಿಲ್ಲ. ಜೊತೆಗಿದ್ದ ಇಬ್ಬರು ಸುಮಾರು 22,000 ಅಡಿಯಲ್ಲಿ ವಾಪಸ್ ತಿರುಗಿದರು. ಮ್ಯಾಂಟೆಲ್ ಏರುತ್ತಲೇ ಹೋದರು, ಪ್ರಜ್ಞೆ ತಪ್ಪಿತು, ವಿಮಾನ ಫ್ರಾಂಕ್ಲಿನ್ ಎಂಬ ಊರಿನ ಹತ್ತಿರ ಬಿತ್ತು.

ತನಿಖೆಯವರು ಮೊದಲು ಕೊಟ್ಟ ಉತ್ತರ: ಅದು ಶುಕ್ರ ಗ್ರಹ. ನಮ್ಮ ಬೆಳ್ಳಿ ಚುಕ್ಕಿ. ಆ ಹೊತ್ತಿನಲ್ಲಿ ಶುಕ್ರ ಆಕಾಶದ ಆ ದಿಕ್ಕಿನಲ್ಲೇ ಇತ್ತು ಅನ್ನುವುದು ನಿಜ. ಆದರೆ ಮಟಮಟ ಮಧ್ಯಾಹ್ನ ಶುಕ್ರ ಕಂಡರೂ ಒಂದು ಸೂಜಿಮೊನೆಯಷ್ಟು ಕಾಣುತ್ತದೆ. ಊರೂರಿನ ಜನ ನಿಂತು ನೋಡುವಷ್ಟು ದೊಡ್ಡದಾಗಿ ಕಾಣುವುದಿಲ್ಲ. ಈ ಉತ್ತರವನ್ನು ಯಾರೂ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ.

ಇವತ್ತು ಹೆಚ್ಚಿನವರು ಒಪ್ಪುವ ಉತ್ತರ 'ಸ್ಕೈಹುಕ್' ಬಲೂನು. ಅಮೆರಿಕದ ನೌಕಾಪಡೆ ಆಗತಾನೇ ಹಾರಿಸಲು ಶುರು ಮಾಡಿದ್ದ ಪ್ಲಾಸ್ಟಿಕ್ ಬಲೂನು. ಪೂರ್ತಿ ಉಬ್ಬಿದರೆ ನೂರು ಅಡಿ ಅಗಲ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಇದನ್ನು ತಯಾರಿಸಿದ್ದು ಜನರಲ್ ಮಿಲ್ಸ್. ಹೌದು, ಬೆಳಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ಸೀರಿಯಲ್ ಮಾಡುವ ಅದೇ ಕಂಪನಿ. ಆಗ ಅವರಿಗೆ ಬಲೂನಿನ ಒಂದು ವಿಭಾಗವೂ ಇತ್ತು. ಈ ಯೋಜನೆ ಗುಟ್ಟಾಗಿತ್ತು. ಮ್ಯಾಂಟೆಲ್‌ಗೆ ಗೊತ್ತಿರಲಿಲ್ಲ, ಟವರಿನವರಿಗೆ ಗೊತ್ತಿರಲಿಲ್ಲ, ತನಿಖೆ ಮಾಡಿದ ವಾಯುಪಡೆಯವರಿಗೂ ಗೊತ್ತಿರಲಿಲ್ಲ. ಒಂದು ಪಡೆ ಹಾರಿಸಿದ್ದನ್ನು ಇನ್ನೊಂದು ಪಡೆ ಅಟ್ಟಿಸಿಕೊಂಡು ಹೋಗಿ ಒಬ್ಬ ಪೈಲಟ್ ಸತ್ತರು. ಏನೋ ಮುಚ್ಚಿಡುತ್ತಿದ್ದಾರೆ ಅಂತ ಜನ ಆಗ ಅನುಮಾನಪಟ್ಟಿದ್ದು ತಪ್ಪೇನಲ್ಲ. ಮುಚ್ಚಿಟ್ಟಿದ್ದು ನಿಜ. ಏನನ್ನು ಅನ್ನುವ ಊಹೆ ಮಾತ್ರ ಬೇರೆ ಕಡೆ ಹೋಯಿತು.

ಬಲೂನು ಕಂಡು ಮೋಸಹೋಗುತ್ತಾರಾ ಅಂತ ನಗಬೇಡಿ. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಯವರು ಇಂಥವೇ ಬಲೂನುಗಳನ್ನು ಸಂಶೋಧನೆಗೆ ಹಾರಿಸುತ್ತಾರೆ, 30 ಕಿಲೋಮೀಟರಿಗೂ ಮೇಲಕ್ಕೆ. 2025ರ ಜನವರಿಯಲ್ಲಿ ಒಂದು ಬಂದು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಬಿತ್ತು. ಊರೇ ಸೇರಿತು. ಗುಟ್ಟಿನ ಯೋಜನೆ ಅಲ್ಲವಾದ್ದರಿಂದ ಎಲ್ಲಿಂದ ಬಂತು ಅನ್ನುವುದು ಬೇಗ ತಿಳಿಯಿತು. ಕೆಂಟಕಿಯಲ್ಲಿ ಆ ಅನುಕೂಲ ಇರಲಿಲ್ಲ.

ಸೈನ್ ಆದಮೇಲೆ 1949ರಲ್ಲಿ ಹೆಸರು ಬದಲಾಗಿ 'ಗ್ರಡ್ಜ್', ಅಂದರೆ ಹಗೆ, ಆಯಿತು. ಹೆಸರಿಗೆ ತಕ್ಕ ಹಾಗೆ ಅದು ಎಲ್ಲವನ್ನೂ ತಳ್ಳಿಹಾಕುವ ಕೆಲಸ ಮಾಡಿತು. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. 1952ರ ಮಾರ್ಚ್‌ನಲ್ಲಿ ಅದೇ 'ಬ್ಲೂ ಬುಕ್' ಆಯಿತು. ಮುಖ್ಯಸ್ಥರು ಕ್ಯಾಪ್ಟನ್ ಎಡ್ವರ್ಡ್ ರಪ್ಪೆಲ್ಟ್. ಈ ಇಡೀ ಕಥೆಯಲ್ಲಿ ನನಗೆ ಇಷ್ಟವಾದ ಮನುಷ್ಯ. ಬೇರೆ ಗ್ರಹದವರದ್ದೇ ಅಂತ ಮೊದಲೇ ನಂಬಿ ಕೂತವರನ್ನೂ, ಎಲ್ಲ ಸುಳ್ಳು ಅಂತ ಮೊದಲೇ ತೀರ್ಮಾನಿಸಿದವರನ್ನೂ ತಮ್ಮ ಕಚೇರಿಯಿಂದ ಸಾಗಹಾಕಿದರು. ಗೊತ್ತಾಗದಿದ್ದರೆ 'ಗೊತ್ತಿಲ್ಲ' ಅಂತ ಬರೆಯಿರಿ ಅನ್ನುವುದು ಅವರ ಪದ್ಧತಿ.

ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರ ಸಹಾಯದಿಂದ ಅವರು ಒಂದು ಫಾರಂ ಮಾಡಿಸಿದರು. ಆ ಕಾಲದ ಫಾರಂಗಳನ್ನು ಓದುವುದೇ ಒಂದು ಸೊಗಸು. "ವಸ್ತು ಎಷ್ಟು ದೊಡ್ಡದಿತ್ತು?" ಅಂತ ನೇರವಾಗಿ ಕೇಳುವುದಿಲ್ಲ. ಕೇಳಿದರೆ ಜನ "ಬಸ್ಸಿನಷ್ಟು" ಅಂತಾರೆ. ಎಷ್ಟು ದೂರ ಇತ್ತು ಅಂತ ಗೊತ್ತಿಲ್ಲದೆ ಬಸ್ಸಿನಷ್ಟೋ ಬಟಾಣಿಯಷ್ಟೋ ಹೇಳುವುದು ಹೇಗೆ? ಅದಕ್ಕೆ ಫಾರಂನಲ್ಲಿ ಹೀಗೆ ಕೇಳುತ್ತಾರೆ: ಕೈ ಪೂರ್ತಿ ಚಾಚಿ ಹಿಡಿದರೆ ಅದು ಯಾವುದರಷ್ಟು ಕಾಣುತ್ತಿತ್ತು? ಗುಂಡುಸೂಜಿಯ ತಲೆ, ಬಟಾಣಿ, ಹತ್ತು ಸೆಂಟಿನ ನಾಣ್ಯ, ಬೆಳ್ಳಿ ಡಾಲರ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಹೀಗೆ ಒಂದು ಸಾಲು. ಒಂದಕ್ಕೆ ಸುತ್ತು ಹಾಕಬೇಕು. ಕನ್ನಡಕ ಹಾಕಿದ್ದಿರಾ? ಕಿಟಕಿ ಗಾಜಿನ ಮೂಲಕ ನೋಡಿದಿರಾ? ಚಿತ್ರ ಬರೆದು ತೋರಿಸಿ. ನೀವು ಇವತ್ತು ರಾತ್ರಿ ಮನೆಗೆ ಹೋಗಿ ಕೈ ಚಾಚಿ ಹುಣ್ಣಿಮೆ ಚಂದ್ರನ ಮುಂದೆ ಒಂದು ಬಟಾಣಿ ಕಾಳು ಹಿಡಿದು ನೋಡಿ. ಚಂದ್ರ ಪೂರ್ತಿ ಮುಚ್ಚಿಹೋಗುತ್ತಾನೆ. ನಮ್ಮ ಕಣ್ಣಿನ ಅಂದಾಜು ಎಷ್ಟು ದಾರಿ ತಪ್ಪುತ್ತದೆ ಅಂತ ಆಗ ಗೊತ್ತಾಗುತ್ತದೆ.

ರಪ್ಪೆಲ್ಟ್ ಕುರ್ಚಿಯಲ್ಲಿ ಕೂತ ವರ್ಷವೇ ಆಕಾಶ ಕೆಟ್ಟುಹೋಯಿತು ಅನ್ನಬೇಕು. 1952ರ ಜುಲೈ 19, ಶನಿವಾರ ರಾತ್ರಿ 11.40. ರಾಜಧಾನಿ ವಾಷಿಂಗ್ಟನ್ ವಿಮಾನ ನಿಲ್ದಾಣದ ರೇಡಾರ್ ಪರದೆ ಮೇಲೆ ಏಳು ಚುಕ್ಕೆಗಳು ಬಂದವು. ಆ ಹೊತ್ತಿಗೆ ಅಲ್ಲಿ ಯಾವ ವಿಮಾನವೂ ಇರಬಾರದು. ಪಕ್ಕದ ಆಂಡ್ರೂಸ್ ನೆಲೆಯ ರನ್‌ವೇ ರಿಪೇರಿಯಲ್ಲಿತ್ತು, ಜೆಟ್‌ಗಳು ಡೆಲಾವೇರ್ ರಾಜ್ಯದಿಂದ ಬರಬೇಕಾಯಿತು. ಬರುವಷ್ಟರಲ್ಲಿ ಚುಕ್ಕೆಗಳು ಮಾಯ. ಮುಂದಿನ ಶನಿವಾರ ಮತ್ತೆ ಅದೇ ಕಥೆ. ದೇಶದ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹಾಕಿದವು.

ಮೊದಲ ಘಟನೆ ಆದ ಬೆನ್ನಿಗೇ, ಸೋಮವಾರ, ರಪ್ಪೆಲ್ಟ್ ಬೇರೆ ಕೆಲಸಕ್ಕೆ ವಾಷಿಂಗ್ಟನ್‌ಗೆ ಬಂದರು. ಇಡೀ ದೇಶದ ತನಿಖೆಯ ಮುಖ್ಯಸ್ಥರಿಗೆ ಸುದ್ದಿ ಗೊತ್ತಾಗಿದ್ದು ಪೇಪರಿನಿಂದ. ಸಾಕ್ಷಿಗಳನ್ನು ಮಾತಾಡಿಸಿ ಬರೋಣ ಅಂತ ಸರ್ಕಾರಿ ಕಾರು ಕೇಳಿದರು. ಕಾರು ಕ್ಯಾಪ್ಟನ್ ದರ್ಜೆಯವರಿಗೆ ಇಲ್ಲ ಅಂದರು. ಬೇಕಾದರೆ ಸಿಟಿ ಬಸ್ಸಿನಲ್ಲಿ ಹೋಗಿ, ಟ್ಯಾಕ್ಸಿ ಆದರೆ ಕೈಯಿಂದ ಕೊಡಿ ಅಂದರು. ಅವರು ಸುಮ್ನೆ ಡೇಟನ್ ವಿಮಾನ ಹತ್ತಿ ವಾಪಸ್ ಹೋದರು. ಇದನ್ನು ಅವರೇ ಆಮೇಲೆ ಬರೆದಿದ್ದಾರೆ. ಸರ್ಕಾರ ಏನೋ ಮಹಾ ರಹಸ್ಯ ಬಚ್ಚಿಟ್ಟಿದೆ ಅಂತ ಯಾರಾದರೂ ಹೇಳಿದಾಗ ನನಗೆ ಈ ಕಾರಿನ ಪ್ರಸಂಗ ನೆನಪಾಗುತ್ತದೆ. ನಮ್ಮಲ್ಲಿ ತಾಲ್ಲೂಕು ಕಚೇರಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಜುಲೈ 29ರಂದು ಮೇಜರ್ ಜನರಲ್ ಜಾನ್ ಸ್ಯಾಮ್‌ಫರ್ಡ್ ಪತ್ರಿಕಾಗೋಷ್ಠಿ ನಡೆಸಿದರು. ಮಹಾಯುದ್ಧ ಮುಗಿದಮೇಲೆ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್‌ನಲ್ಲಿ ಅಷ್ಟು ದೊಡ್ಡ ಗೋಷ್ಠಿ ನಡೆದಿರಲಿಲ್ಲ. ಅವರು ಕೊಟ್ಟ ಕಾರಣ ಹವೆಯದ್ದು. ಬೇಸಿಗೆಯ ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬಿಸಿ ಗಾಳಿಯ ಪದರ ಕೂತರೆ ರೇಡಾರ್ ಕಿರಣ ಬಾಗಿ ನೆಲದ ಮೇಲಿನ ವಸ್ತುಗಳನ್ನೇ ಆಕಾಶದಲ್ಲಿ ತೋರಿಸುತ್ತದೆ. ಇದು ನಿಜವಾಗಿ ಆಗುವಂಥದ್ದೇ. ಆದರೆ ಆ ರಾತ್ರಿ ಪರದೆ ಮುಂದೆ ಕೂತವರು ಅದನ್ನು ಒಪ್ಪಲಿಲ್ಲ. ಅಂಥ ಸುಳ್ಳು ಚುಕ್ಕೆಗಳನ್ನು ನಾವು ದಿನಾ ನೋಡುತ್ತೇವೆ, ಇದು ಅದಲ್ಲ ಅಂದರು.

ಇಲ್ಲಿಂದ ಮುಂದೆ ದಿಕ್ಕು ಬದಲಾಯಿತು. ವಸ್ತುಗಳಿಗಿಂತ ವರದಿಗಳೇ ಅಪಾಯ ಅಂತ ಕೆಲವರಿಗೆ ಅನ್ನಿಸಿತು. ಆ ದಿನಗಳಲ್ಲಿ ಸೇನೆಯ ಸಂಪರ್ಕ ಜಾಲದಲ್ಲಿ ಹಾರುವ ತಟ್ಟೆಯ ಸಂದೇಶಗಳೇ ತುಂಬಿಹೋಗಿದ್ದವು. ಅದೇ ಹೊತ್ತಿಗೆ ನಿಜವಾಗಿ ರಷ್ಯಾದ ಬಾಂಬರ್ ಬಂದರೆ? 1953ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಐದು ಜನ ವಿಜ್ಞಾನಿಗಳನ್ನು ಕೂಡಿಸಿತು. ಮುಖ್ಯಸ್ಥರು ಎಚ್. ಪಿ. ರಾಬರ್ಟ್‌ಸನ್. ಆಮೇಲೆ ನೊಬೆಲ್ ಪಡೆದ ಲೂಯಿಸ್ ಆಲ್ವಾರೆಜ್ ಕೂಡ ಇದ್ದರು. ನಾಲ್ಕು ದಿನದಲ್ಲಿ ಮುಗಿಸಿದರು. ನೇರ ಅಪಾಯಕ್ಕೆ ಪುರಾವೆ ಇಲ್ಲ, ಜನರ ಕುತೂಹಲವನ್ನು ತಣ್ಣಗೆ ಮಾಡಬೇಕು ಅನ್ನುವುದು ಅವರ ಸಲಹೆ. ಅದಕ್ಕೆ ಡಿಸ್ನಿ ಕಂಪನಿಯಂಥವರ ಕಾರ್ಟೂನ್ ಬಳಸಬಹುದು ಅಂತಲೂ ವರದಿಯಲ್ಲಿದೆ. ಅದೇ ವರ್ಷ ವಾಯುಪಡೆಯ ಹೊಸ ನಿಯಮ ಬಂತು. ಉತ್ತರ ಖಚಿತವಾಗಿ ಸಿಕ್ಕ ಪ್ರಕರಣದ ಬಗ್ಗೆ ಮಾತ್ರ ನೆಲೆಗಳವರು ಪತ್ರಿಕೆಯವರ ಹತ್ತಿರ ಮಾತಾಡಬಹುದು. ರಪ್ಪೆಲ್ಟ್ ಅದೇ ವರ್ಷ ಬಿಟ್ಟು ಹೋದರು.

ಈಗ ಆ 701ಕ್ಕೆ ಬರೋಣ. ವಾಯುಪಡೆಯವರೇ ವರ್ಷವಾರು ಪಟ್ಟಿ ಕೊಟ್ಟಿದ್ದಾರೆ. 1952ರಲ್ಲಿ 1,501 ವರದಿ, ಉತ್ತರ ಸಿಗದವು 303. ಅಂದರೆ ಐದರಲ್ಲಿ ಒಂದು. 1957ರಲ್ಲಿ 1,006 ವರದಿ. ಉತ್ತರ ಸಿಗದವು ಎಷ್ಟು ಅಂದುಕೊಂಡಿರಿ? 14. ನೂರಕ್ಕೆ ಒಂದೂವರೆ. ಐದು ವರ್ಷದಲ್ಲಿ ಆಕಾಶ ಅಷ್ಟು ಬದಲಾಗುವುದಿಲ್ಲ, ಜನರ ಕಣ್ಣೂ ಬದಲಾಗುವುದಿಲ್ಲ. ಬದಲಾಗಿದ್ದು ಕಚೇರಿ. ಮೊದಲು 'ಬಲೂನು ಇರಬಹುದು' ಅಂತ ಬರೆಯುತ್ತಿದ್ದರು. ವರ್ಷದ ಲೆಕ್ಕ ತೆಗೆಯುವಾಗ ಆ 'ಇರಬಹುದು' ಉದುರಿಹೋಗಿ ಬರೀ 'ಬಲೂನು' ಉಳಿಯುತ್ತಿತ್ತು. ಈ ಆರೋಪ ಮಾಡಿದ್ದು ಹೊರಗಿನವರಲ್ಲ, 1948ರಿಂದ ಕೊನೆಯವರೆಗೂ ವಾಯುಪಡೆಗೆ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಜೆ. ಆಲನ್ ಹೈನೆಕ್. 701ರಲ್ಲಿ 303 ಒಂದೇ ವರ್ಷದ್ದು ಅಂತ ಗೊತ್ತಾದಮೇಲೆ, ಆ ಸಂಖ್ಯೆಯನ್ನು ಹಿಡಿದು ಈ ಕಡೆಯಾಗಲಿ ಆ ಕಡೆಯಾಗಲಿ ವಾದ ಮಾಡುವುದು ನನಗಂತೂ ಆಗುವುದಿಲ್ಲ.

ಅವರು ತೀರಾ ಕಣ್ಣು ಮುಚ್ಚಿ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1964ರ ಏಪ್ರಿಲ್ 24ರಂದು ನ್ಯೂ ಮೆಕ್ಸಿಕೋದ ಸೊಕೊರೊ ಊರಲ್ಲಿ ಲಾನಿ ಝಮೋರಾ ಎಂಬ ಪೊಲೀಸ್ ವೇಗವಾಗಿ ಹೋಗುತ್ತಿದ್ದ ಕಾರೊಂದನ್ನು ಹಿಂಬಾಲಿಸುತ್ತಿದ್ದರು. ಜೋರಾದ ಸದ್ದು ಕೇಳಿ ಆ ಕಡೆ ತಿರುಗಿದರು. ಮೊಟ್ಟೆಯಾಕಾರದ ಬಿಳಿ ವಸ್ತು, ಪಕ್ಕದಲ್ಲಿ ಬಿಳಿ ಬಟ್ಟೆಯ ಇಬ್ಬರು, ಆಮೇಲೆ ಬೆಂಕಿ ಉಗುಳುತ್ತಾ ಅದು ಎದ್ದು ಹೋಯಿತು. ನೆಲದಲ್ಲಿ ಗುರುತು, ಸುಟ್ಟ ಪೊದೆ. ಆಗ ಬ್ಲೂ ಬುಕ್ ಮುಖ್ಯಸ್ಥರಾಗಿದ್ದ ಹೆಕ್ಟರ್ ಕ್ವಿಂಟನಿಲ್ಲಾ ಇಂಥವನ್ನೆಲ್ಲ ನಂಬುವ ಜಾಯಮಾನದವರಲ್ಲ. ಅವರೇ ಸಿಐಎಯ ಒಳಗಿನ ಪತ್ರಿಕೆಯಲ್ಲಿ ಬರೆದರು: ಇಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಇನ್ನೊಂದಿಲ್ಲ, ಎಷ್ಟು ಹುಡುಕಿದರೂ ಉತ್ತರ ಸಿಗಲಿಲ್ಲ ಅಂತ.

ಇಡೀ ವ್ಯವಸ್ಥೆಯ ಮಾನ ಹೋಗಿದ್ದು 1966ರ ಮಾರ್ಚ್‌ನಲ್ಲಿ, ಮಿಷಿಗನ್‌ನಲ್ಲಿ. ಡೆಕ್ಸ್‌ಟರ್ ಹತ್ತಿರದ ಒಂದು ತೋಟದ ಮನೆಯವರು ಜವುಗು ನೆಲದ ಮೇಲೆ ಬೆಳಕು ನೋಡಿದರು. ಮರುದಿನ ರಾತ್ರಿ ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್ ಕಿಟಕಿಯಿಂದ 80ಕ್ಕೂ ಹೆಚ್ಚು ವಿದ್ಯಾರ್ಥಿನಿಯರು ನೋಡಿದರು. ಹೈನೆಕ್ ಓಡಿಬಂದರು. ನಾಲ್ಕೈದು ದಿನದಲ್ಲೇ ವಾಯುಪಡೆಯವರು ಅವರನ್ನು ಡೆಟ್ರಾಯ್ಟ್‌ನಲ್ಲಿ ಪತ್ರಕರ್ತರ ಮುಂದೆ ನಿಲ್ಲಿಸಿದರು. ಈ ಎರಡು ಜಾಗಗಳಲ್ಲಿ ಕಂಡಿದ್ದು ಜವುಗಿನಿಂದ ಏಳುವ ಅನಿಲದ ಬೆಳಕು ಇರಬಹುದು ಅಂತ ಹೈನೆಕ್ ಅಂದರು. ನಮ್ಮ ಕಡೆ ಕೊಳ್ಳಿದೆವ್ವ ಅಂತಾರಲ್ಲ, ಅದು. ಹೈನೆಕ್ ಬರೀ ಎರಡು ಪ್ರಕರಣಕ್ಕೆ ಹೇಳಿದ್ದನ್ನು ಪತ್ರಿಕೆಗಳು ಎಲ್ಲದಕ್ಕೂ ಹಚ್ಚಿದವು. ವ್ಯಂಗ್ಯಚಿತ್ರಕಾರರಿಗೆ ಹಬ್ಬ. ತಮ್ಮನ್ನು ಹಳ್ಳಿಗುಗ್ಗುಗಳು ಅಂದರು ಅಂತ ಮಿಷಿಗನ್ ಜನಕ್ಕೆ ಸಿಟ್ಟು ಬಂತು. ಅಲ್ಲಿನ ಸಂಸದ ಜೆರಾಲ್ಡ್ ಫೋರ್ಡ್, ಹೌದು, ಆಮೇಲೆ ಅಧ್ಯಕ್ಷರಾದವರೇ, ಸಂಸತ್ತಿನಲ್ಲಿ ವಿಚಾರಣೆ ಆಗಲಿ ಅಂತ ಪಟ್ಟು ಹಿಡಿದರು. ಏಪ್ರಿಲ್ 5ಕ್ಕೆ ಆಯಿತು.

ಮುಂದಿನದು ಚುಟುಕಾಗಿ. ವಾಯುಪಡೆ ಕೆಲಸವನ್ನು ಕೊಲರಾಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್‌ಗೆ ಒಪ್ಪಿಸಿತು. ಈ ವರದಿಗಳಿಂದ ವಿಜ್ಞಾನಕ್ಕೆ ಸಿಗುವಂಥದ್ದು ಏನೂ ಇಲ್ಲ ಅಂತ ಅವರು ಬರೆದುಕೊಟ್ಟರು. ಅವರದೇ ವರದಿಯ ಒಳಪುಟಗಳಲ್ಲಿ ಉತ್ತರ ಸಿಗದ ಪ್ರಕರಣಗಳು ಸಾಕಷ್ಟಿವೆ. ಮುನ್ನುಡಿ ಓದಿ ಮುಗಿಸಿದವರೇ ಜಾಸ್ತಿ. 1969ರ ಡಿಸೆಂಬರ್ 17ರಂದು ಬ್ಲೂ ಬುಕ್ ಬಾಗಿಲು ಮುಚ್ಚಿತು.

ಇನ್ನೊಂದು ಗುಟ್ಟು ಹೊರಗೆ ಬಂದಿದ್ದು ಬಹಳ ತಡವಾಗಿ. 1955ರಿಂದ ಸಿಐಎಯ ಯು-2 ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹಾರುತ್ತಿತ್ತು. ಪ್ರಯಾಣಿಕರ ವಿಮಾನಗಳು ಆಗ ಹತ್ತಿಪ್ಪತ್ತು ಸಾವಿರ ಅಡಿಯಲ್ಲಿ ಹೋಗುತ್ತಿದ್ದವು. ಸಂಜೆ ಕೆಳಗಿನ ಪೈಲಟ್‌ಗೆ ಸೂರ್ಯ ಮುಳುಗಿ ಕತ್ತಲಾಗಿರುತ್ತದೆ. ಆ ಎತ್ತರದಲ್ಲಿ ಇನ್ನೂ ಬಿಸಿಲು. ಯು-2ರ ಬೆಳ್ಳಿ ಬಣ್ಣದ ರೆಕ್ಕೆಗೆ ಬಿಸಿಲು ಬಿದ್ದರೆ ತಲೆ ಮೇಲೆ ಬೆಂಕಿ ಚೂರು ಕಂಡ ಹಾಗೆ. ಬ್ಲೂ ಬುಕ್‌ನವರು ಸಿಐಎಗೆ ಫೋನ್ ಮಾಡಿ, ಆ ದಿನ ನಿಮ್ಮ ವಿಮಾನ ಅಲ್ಲಿತ್ತಾ ಅಂತ ತಾಳೆ ನೋಡುತ್ತಿದ್ದರು. ಇತ್ತು ಅಂತ ಗೊತ್ತಾಗುತ್ತಿತ್ತು. ನೋಡಿದವರಿಗೆ ಮಾತ್ರ ಹೇಳುವ ಹಾಗಿರಲಿಲ್ಲ. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ಅರ್ಧಕ್ಕಿಂತ ಹೆಚ್ಚು ವರದಿಗಳು ತಮ್ಮ ವಿಮಾನಗಳದ್ದೇ ಅನ್ನುವುದು ಸಿಐಎ ಅಧಿಕಾರಿಗಳ ಅಂದಾಜು ಅಂತ ಒಬ್ಬ ಇತಿಹಾಸಕಾರರು 1997ರಲ್ಲಿ ಬರೆದರು. ಅದು ಸ್ವಲ್ಪ ಜಾಸ್ತಿ ಆಯಿತು ಅಂತ ನನ್ನ ಅನಿಸಿಕೆ. ಬ್ಲೂ ಬುಕ್ ಫೈಲುಗಳಲ್ಲಿ ತುಂಬಿರುವುದು ನಕ್ಷತ್ರ, ಉಲ್ಕೆ, ಬಲೂನು, ಮಾಮೂಲಿ ವಿಮಾನ.

ಬ್ರಿಟನ್ನಿನ ರಕ್ಷಣಾ ಇಲಾಖೆಯವರು ಈ ವಿಷಯದಲ್ಲಿ ನೇರ. ದೇಶದ ರಕ್ಷಣೆಗೆ ಸಂಬಂಧ ಇದೆಯಾ ಅಂತಷ್ಟೇ ನೋಡುತ್ತೇವೆ, ಇಲ್ಲದಿದ್ದರೆ ಅದು ಏನು ಅಂತ ಪತ್ತೆ ಮಾಡುವುದು ನಮ್ಮ ಕೆಲಸ ಅಲ್ಲ ಅಂತ ಬರೆದು ಕಳಿಸುತ್ತಿದ್ದರು. ಐವತ್ತು ವರ್ಷದಲ್ಲಿ ಒಂದೂ ಅಪಾಯ ಸಿಗಲಿಲ್ಲ ಅಂತ 2009ರಲ್ಲಿ ಆ ವಿಭಾಗ ಮುಚ್ಚಿದರು. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 1977ರಲ್ಲಿ ಕೆಲಸವನ್ನು ಟೂಲೂಸ್‌ನಲ್ಲಿರುವ ತನ್ನ ಬಾಹ್ಯಾಕಾಶ ಸಂಸ್ಥೆಗೇ ಕೊಟ್ಟಿತು. ಹೇಳಿಕೆ ಬರೆದುಕೊಳ್ಳುವುದು ಜಂಡಾರ್ಮರಿ ಪೊಲೀಸರು, ಉತ್ತರ ಹುಡುಕುವುದು ವಿಜ್ಞಾನಿಗಳು. ಅದು ಇವತ್ತಿಗೂ ನಡೆಯುತ್ತಿದೆ, ಫೈಲುಗಳನ್ನು ಯಾರು ಬೇಕಾದರೂ ಓದಬಹುದು.

ನಮ್ಮ ದೇಶದಲ್ಲಿ ಏನಾಯಿತು ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಎರಡು ಪ್ರಸಂಗ ಹೇಳುತ್ತೇನೆ. ಮೊದಲನೆಯದು ಸೈನಿಕರೇ ನೋಡಿದ್ದು. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೇನೆ 329 ಸಲ ಬೆಳಕಿನ ವಸ್ತುಗಳನ್ನು ದಾಖಲಿಸಿತು. ಚೀನಾದ ಡ್ರೋನ್ ಅಂತ ಅನುಮಾನ. ಕೊನೆಗೆ ಕೇಳಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು. ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ಇರುವುದು ಅವರದೇ. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು. ವಸ್ತುಗಳು ಯಾವ ಹೊತ್ತಿಗೆ, ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ ಕಂಡವು, ನಕ್ಷತ್ರಗಳ ಜೊತೆ ಹೇಗೆ ಸರಿದವು ಅಂತ ನೋಡಿ ಅವರು ಉತ್ತರ ಕೊಟ್ಟರು. ಒಂದು ಗುರು, ಇನ್ನೊಂದು ಶುಕ್ರ. ಆ ಎತ್ತರದ ತಿಳಿಯಾದ ಗಾಳಿಯಲ್ಲಿ ಗ್ರಹಗಳು ನಾವು ಊರಲ್ಲಿ ನೋಡುವುದಕ್ಕಿಂತ ಎಷ್ಟೋ ಪಾಲು ಜೋರಾಗಿ ಹೊಳೆಯುತ್ತವೆ. ಇಲ್ಲಿ ಸೇನೆಯ ಪ್ರಶ್ನೆಗೂ ಕುತೂಹಲದ ಪ್ರಶ್ನೆಗೂ ಒಂದೇ ಉತ್ತರ ಸಿಕ್ಕಿತು. ಹಾಗೆ ಆಗುವುದು ಅಪರೂಪ.

ಎರಡನೆಯದು 2023ರ ನವೆಂಬರ್ 19, ಮಣಿಪುರದ ಇಂಫಾಲ. ಮಧ್ಯಾಹ್ನ ವಿಮಾನ ನಿಲ್ದಾಣದ ಹತ್ತಿರ ಏನೋ ಹಾರುವುದು ಕಂಡಿತು ಅಂತ ನಿಲ್ದಾಣವನ್ನೇ ಕೆಲವು ಗಂಟೆ ಮುಚ್ಚಿದರು. ಬರುತ್ತಿದ್ದ ವಿಮಾನಗಳನ್ನು ಬೇರೆ ಕಡೆ ಕಳಿಸಿದರು, ಹೊರಡಬೇಕಾದವು ನಿಂತವು. ವಾಯುಪಡೆ ತನ್ನ ರಕ್ಷಣಾ ವ್ಯವಸ್ಥೆ ಚಾಲೂ ಮಾಡಿದ್ದಾಗಿಯೂ, ಆಮೇಲೆ ಆ ವಸ್ತು ಕಾಣಲಿಲ್ಲ ಅಂತಲೂ ತಿಳಿಸಿತು. ಎರಡು ರಫೇಲ್ ಹೋಗಿ ಹುಡುಕಿ ಬಂದವು ಅಂತ ಪತ್ರಿಕೆಗಳಲ್ಲಿ ಬಂತು. ಅದು ಏನಿರಬಹುದು ಅಂತ ನೀವು ಕೇಳುತ್ತೀರಿ. ಆ ಸಂಜೆ ಇಂಫಾಲ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡಿದ್ದವರಿಗೆ ಬೇಕಾಗಿದ್ದ ಉತ್ತರ ಒಂದೇ, ವಿಮಾನ ಎಷ್ಟು ಹೊತ್ತಿಗೆ ಬಿಡುತ್ತದೆ ಅಂತ. ಅದು ಸಿಕ್ಕಿತು.